ಪ್ರಶ್ನೆ ಉದ್ಭವಿಸುವುದಿಲ್ಲ

ನಮ್ಮ ವಿಧಾನಮಂಡಲದಲ್ಲಿ ಶಾಸಕರ ಕೈಗೆ ಬರುವ ಉತ್ತರದ ಹಾಳೆಯನ್ನು ಒಮ್ಮೆಯಾದರೂ ನೋಡಬೇಕು. ನಡುವೆ ಗೆರೆ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಗಳು ಅ, ಆ, ಇ ಎಂದು ಮೆಟ್ಟಿಲಿಳಿಯುತ್ತವೆ. ‘ಇಂಥ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ ಒಂದೇ ಪದ: ‘ಬಂದಿದೆ.’ ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ‘ಪರಿಶೀಲನೆಯಲ್ಲಿದೆ.’ ‘ಯಾವ ಕಾಲಮಿತಿಯಲ್ಲಿ?’ ಇಲ್ಲಿಗೆ ಬರುವಷ್ಟರಲ್ಲಿ ಗುಮಾಸ್ತರ ಕನ್ನಡಕ್ಕೆ ಸುಸ್ತಾಗಿರುತ್ತದೆ: ‘ಉದ್ಭವಿಸುವುದಿಲ್ಲ.’

ಭದ್ರಾವತಿಯ ಮಟ್ಟಿಗೆ ಈ ಹಾಳೆಗೆ ನೂರು ವರ್ಷದ ಚರಿತ್ರೆಯಿದೆ. ಇಲ್ಲಿನ ಕಬ್ಬಿಣದ ಕಾರ್ಖಾನೆ ಯಾಕೆ ನಷ್ಟದಲ್ಲಿದೆ, ಮಾಲು ಯಾಕೆ ಮಾರಾಟವಾಗುತ್ತಿಲ್ಲ, ದುಡಿದವರ ಮುಂದಿನ ಗತಿಯೇನು? ಈ ಮೂರು ಪ್ರಶ್ನೆಗಳು ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ. ಬದಲಾಗಿದ್ದು ಅವನ್ನು ಕೇಳಬೇಕಾದ ಊರು. ಮೊದಲು ಮೈಸೂರು, ಆಮೇಲೆ ಬೆಂಗಳೂರು, ಈಗ ದೆಹಲಿ.

ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಭದ್ರಾ ದಂಡೆಯ ಊರಿನಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಲೆಕ್ಕಾಚಾರ ಸರಳವಾಗಿತ್ತು. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ, ಸೌದೆ ಸುತ್ತಲಿನ ಮಲೆನಾಡಿನಲ್ಲಿ. ಕಲ್ಲಿದ್ದಲು ಇಲ್ಲದ ಸೀಮೆಯಾದ್ದರಿಂದ ಮರ ಸುಟ್ಟು ಇದ್ದಿಲು ಮಾಡಿ ಅದಿರು ಕರಗಿಸುವುದು, ಸುಡುವಾಗ ಬರುವ ಹೊಗೆಯಿಂದ ಟಾರು, ಮರದ ಮದ್ಯಸಾರ ತೆಗೆಯುವುದು. ಕುಲುಮೆಯಿಂದ ಕಬ್ಬಿಣ ಹರಿಯುವ ಹೊತ್ತಿಗೆ 1923 ಬಂದಿತ್ತು. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಧಾರಣೆ ನೆಲಕಚ್ಚಿತ್ತು. ಯುದ್ಧಕಾಲದ ಬೆಲೆ ನೋಡಿ ಹಾಕಿದ ಅಂದಾಜು ಶಾಂತಿಕಾಲದ ಪೇಟೆಯಲ್ಲಿ ನಿಲ್ಲಲಿಲ್ಲ.

ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ಶಾಸನ ಪರಿಷತ್ತು. ದಸರೆಗೆ ಬಂದ ಪ್ರತಿನಿಧಿಗಳು ಕೆರೆಕಟ್ಟೆ, ಕಂದಾಯದ ಮಾತಿನ ಜೊತೆ ಭದ್ರಾವತಿಯನ್ನೂ ಎತ್ತತೊಡಗಿದರು. ‘ಬಿಳಿಯಾನೆ’ ಎಂಬ ಹೆಸರು ಕಾರ್ಖಾನೆಗೆ ಅಂಟಿದ್ದು ಆ ಕಾಲದಲ್ಲೇ. ಗಮನಿಸಬೇಕಾದ್ದು ಆಮೇಲಿನ ಸಂಗತಿ. ಟೀಕೆ ಏರಿದಾಗ, ದಿವಾನಗಿರಿ ಬಿಟ್ಟು ನಾಲ್ಕೈದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷಗಿರಿ ಒಪ್ಪಿಸಲಾಯಿತು. 1923ರಿಂದ 1929ರವರೆಗೆ ಅವರು ಖರ್ಚು ಹಿಡಿದರು, ಸ್ಥಳೀಯರನ್ನು ತರಬೇತು ಮಾಡಿ ಪರದೇಶದ ತಜ್ಞರ ಜಾಗಕ್ಕೆ ತಂದರು. ತಮಗೆ ಬರಬೇಕಿದ್ದ ಸಂಭಾವನೆಯನ್ನು ಕಸುಬು ಕಲಿಸುವ ಒಂದು ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಮೂಲ ಅದೇ. ಆ ಪ್ರಜಾಪ್ರತಿನಿಧಿ ಸಭೆಗೆ ಸರ್ಕಾರವನ್ನು ಕೆಡವುವ ಶಕ್ತಿ ಇರಲಿಲ್ಲ, ಸದಸ್ಯರನ್ನು ಆರಿಸುವ ಮತದಾರರೂ ಬೆರಳೆಣಿಕೆ. ಆದರೂ ಕೇಳಿದವನಿಗೂ ಉತ್ತರಿಸುವವನಿಗೂ ನಡುವೆ ಒಂದು ರಾತ್ರಿಯ ರೈಲು ಪ್ರಯಾಣ ಮಾತ್ರ ಇತ್ತು.

ಸ್ವಾತಂತ್ರ್ಯ ಬಂದು ಮತದಾರರು ಹೆಚ್ಚಿದರು, ಯಜಮಾನರೂ ಹೆಚ್ಚಿದರು. 1962ರಲ್ಲಿ ಕಾರ್ಖಾನೆ ಕಂಪನಿಯಾಯಿತು: ರಾಜ್ಯದ್ದು ನೂರಕ್ಕೆ 60 ಪಾಲು, ಕೇಂದ್ರದ್ದು 40. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ಸೈಲ್, ಇದನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿತು, 1998ರಲ್ಲಿ ವಿಲೀನವೂ ಆಯಿತು. ಭಿಲಾಯಿ, ಬೊಕಾರೊಗಳ ಆ ದೊಡ್ಡ ಮನೆಗೆ ಭದ್ರಾವತಿ ಕಿರಿಸೊಸೆಯಂತೆ ಹೋಯಿತು. ಊರಿನವರು ಆಗ ಪಟಾಕಿ ಹೊಡೆದಿದ್ದರೆ ತಪ್ಪೆನ್ನಲಾಗದು. ಕೇಂದ್ರ ಸರ್ಕಾರದ ನೌಕರಿ ಎಂದರೆ ಮಗಳಿಗೆ ಗಂಡು ನೋಡುವಾಗ ತೂಕವಿದ್ದ ಕಾಲ ಅದು.

ಆದರೆ ಅಲ್ಲಿಗೆ ವಿಧಾನಸೌಧದ ಪ್ರಶ್ನೆಗೆ ಹಲ್ಲು ಉದುರಿತು. ಭದ್ರಾವತಿಯ ಶಾಸಕ ಎಷ್ಟು ಗಟ್ಟಿಯಾಗಿ ಎದ್ದು ನಿಂತರೂ ಕೈಗಾರಿಕಾ ಸಚಿವರ ಕೈಯಲ್ಲಿ ಸಿದ್ಧ ಉತ್ತರವಿರುತ್ತದೆ: ಇದು ಕೇಂದ್ರದ ವಿಷಯ, ಪತ್ರ ಬರೆದಿದ್ದೇವೆ. ದೆಹಲಿಯಲ್ಲಿ ಸಂಸದರು ಕೇಳಿದರೆ ಮಾತು ಅದಿರಿನ ಗಣಿಗೆ ತಿರುಗುತ್ತದೆ, ಗಣಿ ಕೊಡಬೇಕಾದ್ದು ರಾಜ್ಯ. ಸ್ವಂತ ಗಣಿಯಿಲ್ಲದೆ ಉಕ್ಕಿನ ಕಾರ್ಖಾನೆ ನಡೆಸುವುದೆಂದರೆ ಅಕ್ಕಿಯನ್ನು ಪಾವು ಲೆಕ್ಕದಲ್ಲಿ ಅಂಗಡಿಯಿಂದ ತಂದು ಹೋಟೆಲು ನಡೆಸಿದ ಹಾಗೆ. ಸಂಡೂರಿನ ರಾಮನದುರ್ಗದಲ್ಲಿ 140 ಹೆಕ್ಟೇರ್ ಗಣಿಯ ಮಾತು ಬಂದು, ಅರಣ್ಯದ ಅನುಮತಿಯ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕುಳಿತಿತು.

ಹಾಗೆಂದು ಇಲ್ಲಿಂದ ಆರಿಸಿಹೋದವರು ಬಾಯಿಲ್ಲದವರಲ್ಲ. 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು ಶಿವಮೊಗ್ಗದ ಸಂಸದರು. ಶಾಂತವೇರಿ ಗೋಪಾಲಗೌಡರು, ಬಂಗಾರಪ್ಪನವರು ಇದೇ ನೆಲದ ಪಟ್ಟು ಕಲಿತವರು. ಮೂರು ಬಾರಿ ಶಾಸಕರಾದ ಎಂ.ಜೆ. ಅಪ್ಪಾಜಿಗೌಡರು ಇದೇ ಕಾರ್ಖಾನೆಯ ಕಾರ್ಮಿಕ ಸಂಘದ ರಾಜಕಾರಣದಿಂದ ಎದ್ದುಬಂದವರು. 1990ರ ದಶಕದಿಂದ ಅವರು ಮತ್ತು ಬಿ.ಕೆ. ಸಂಗಮೇಶ್ವರ, ಇಬ್ಬರೇ ಊರಿನ ಶಾಸಕಗಿರಿಯನ್ನು ಸರದಿಯಲ್ಲಿ ಹಂಚಿಕೊಂಡರು. ಆಯನೂರು ಮಂಜುನಾಥರಂತೂ ವಿಧಾನಸಭೆ, ಪರಿಷತ್ತು, ಲೋಕಸಭೆ, ರಾಜ್ಯಸಭೆ ನಾಲ್ಕರಲ್ಲೂ ಕುಳಿತು ಬಂದವರು. ಕೇಳುವುದಕ್ಕೆ ಇನ್ನು ಐದನೆಯ ಸದನವಿಲ್ಲ.

ಲೋಕಸಭೆಯ ಪ್ರಶ್ನೋತ್ತರಕ್ಕೆ ದಿನದ ಮೊದಲ ಒಂದು ತಾಸು. ಹದಿನೈದು ದಿನ ಮೊದಲೇ ನೋಟಿಸು ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20, ಅವೂ ಚೀಟಿ ಎತ್ತಿ ಆರಿಸಿದವು. ಅದರಲ್ಲಿ ಸಚಿವರು ಎದ್ದು ನಿಂತು ಉತ್ತರಿಸುವುದು ಐದಾರಕ್ಕೆ ಇದ್ದೀತು. ಗದ್ದಲವಾದರೆ ಒಂದೂ ಇಲ್ಲ. ಉಳಿದ 230 ಚುಕ್ಕೆ ರಹಿತ ಪ್ರಶ್ನೆಗಳಿಗೆ ಲಿಖಿತ ಉತ್ತರ. ಚುಕ್ಕೆಗೂ ಚುಕ್ಕೆ ಇಲ್ಲದ್ದಕ್ಕೂ ಇರುವ ಅಂತರವೆಂದರೆ ಉಪಪ್ರಶ್ನೆ. ‘ಆಯ್ತು ಸ್ವಾಮಿ, ಹಾಗಾದರೆ ಯಾವಾಗ?’ ಎಂದು ಮುಖ ನೋಡಿ ಕೇಳುವ ಅವಕಾಶ. ಕಾಗದದ ಮೇಲಿನ ಉತ್ತರಕ್ಕೆ ಮುಖವಿರುವುದಿಲ್ಲ.

ಆ ಕಾಗದಗಳನ್ನೇ ಸಾಲಾಗಿ ಜೋಡಿಸಿದರೂ ಕಾರ್ಖಾನೆಯ ಕಡೆಯ ದಶಕ ಕಾಣುತ್ತದೆ. 2016ರ ಅಕ್ಟೋಬರಿನಲ್ಲಿ ಷೇರು ವಿಕ್ರಯಕ್ಕೆ ಕೇಂದ್ರ ಸಂಪುಟ ಸಮಿತಿಯ ತಾತ್ವಿಕ ಒಪ್ಪಿಗೆ. 2019ರ ಜುಲೈಯಲ್ಲಿ ಸೇಲಂ, ದುರ್ಗಾಪುರದ ಘಟಕಗಳ ಜೊತೆಗೆ ಕೊಳ್ಳುವವರಿಗೆ ಆಹ್ವಾನ. 2022ರ ಅಕ್ಟೋಬರಿನಲ್ಲಿ, ಸಾಕಷ್ಟು ಆಸಕ್ತಿ ಬರಲಿಲ್ಲವೆಂದು ಅದೂ ರದ್ದು. 2023ರ ಜನವರಿಯಲ್ಲಿ ಮುಚ್ಚುವ ಪ್ರಕ್ರಿಯೆಗೆ ಸೈಲ್ ಮಂಡಳಿಯ ಒಪ್ಪಿಗೆ. ಮಾರಲು ಹೊರಟರು, ಕೊಳ್ಳುವವರಿಲ್ಲ. ಅದೇ ಕಾರಣಕ್ಕೆ ಮುಚ್ಚಲು ಹೊರಟರು.

ಆ ವಾರವೇ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಖಾಯಂ ನೌಕರರು ಇನ್ನೂರು ಚಿಲ್ಲರೆಗೆ ಇಳಿದಿದ್ದ ಕಾರ್ಖಾನೆಯಲ್ಲಿ ಗುತ್ತಿಗೆಯವರೇ ಸಾವಿರದ ಮುನ್ನೂರರಷ್ಟಿದ್ದರು. ಮುಂದಿನ ತಿಂಗಳು, ಫೆಬ್ರುವರಿ 27ರಂದು, ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಲು ಪ್ರಧಾನಿ ಬಂದರು. ಧರಣಿ ಮುಂದುವರಿದು ವರ್ಷ ದಾಟಿತು. 2023ರ ಆಗಸ್ಟಿನಲ್ಲಿ ರೋಲಿಂಗ್ ಮಿಲ್ಲು ಮತ್ತೆ ತಿರುಗಿತಾದರೂ ಅದಕ್ಕೆ ಬೇಕಾದ ಉಕ್ಕಿನ ಗಟ್ಟಿ ಹೊರಗಿನದು. ಒಲೆ ಹೊತ್ತಿಸದೆ ಬೇರೆ ಮನೆಯ ಅನ್ನ ಬಿಸಿ ಮಾಡಿದಂತೆ.

2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಉಕ್ಕು ಸಚಿವರಾದರು, ಅದೇ ತಿಂಗಳ ಕೊನೆಗೆ ಭದ್ರಾವತಿಗೆ ಬಂದರು. 2019ರ ಜುಲೈ ಆರಂಭದಲ್ಲಿ ಮಾರಾಟದ ಆಹ್ವಾನ ಹೊರಟಾಗ ಕರ್ನಾಟಕದ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರೂ ಅವರೇ. ಗಣಿ ಕೊಡಬೇಕಾದ ಕುರ್ಚಿ, ಬಂಡವಾಳ ಕೊಡಬೇಕಾದ ಕುರ್ಚಿ ಎರಡರಲ್ಲೂ ಕುಳಿತ ಮನುಷ್ಯ ಒಬ್ಬರಾದರೂ ಸಿಕ್ಕರು ಎಂದು ಊರು ಆಸೆಪಟ್ಟಿತು. ಪುನಶ್ಚೇತನಕ್ಕೆ ಸಾವಿರಾರು ಕೋಟಿ ಬೇಕೆಂದು ಅವರು ಹೇಳಿದರು. ಆ ಮೊತ್ತ ಕೇಳಿಯೇ ಹಳಬರಿಗೆ ಅರ್ಥವಾಯಿತು.

ನದಿಯಾಚೆಯ ಕಾಗದದ ಕಾರ್ಖಾನೆಯದು ಬೇರೆ ಕತೆ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ), 1977ರಿಂದ ರಾಜ್ಯ ಸರ್ಕಾರದ ಕಂಪನಿ. ಇಲ್ಲಿ ‘ಕೇಂದ್ರದ ವಿಷಯ’ ಎನ್ನುವಂತಿರಲಿಲ್ಲ. ಆದರೂ 2015-16ರ ಹೊತ್ತಿಗೆ ಯಂತ್ರಗಳು ನಿಂತವು, ಪೇಪರ್ ಟೌನಿನ ಕ್ವಾರ್ಟರ್ಸ್‌ಗಳ ಮುಂದೆ ಲಂಟಾನ ಬೆಳೆಯಿತು. ಸಾವಿರಾರು ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು ಮಾತ್ರ 2020ರಲ್ಲಿ ಮತ್ತೆ 40 ವರ್ಷಕ್ಕೆ ಮುಂದುವರಿಸಲಾಯಿತು. ಮಲೆನಾಡಿನಲ್ಲಿ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಚಳವಳಿ ಎದ್ದದ್ದು ಅದಕ್ಕೇ. ಇನ್ನೊಂದು ಮಾತು, ಪತ್ರಿಕೆಯವರಾಗಿ ಹೇಳಿಕೊಳ್ಳಲು ಮುಜುಗರದ್ದು. 1980ರ ದಶಕದಿಂದ ಈ ಕಾರ್ಖಾನೆ ಮಾಡುತ್ತಿದ್ದದ್ದು ಪತ್ರಿಕೆಗಳ ಮುದ್ರಣ ಕಾಗದ. 2019ರ ಬಜೆಟ್ ಆಮದು ಕಾಗದದ ಮೇಲೆ ಶೇ. 10 ಸುಂಕ ಹಾಕಿತು, ಮರುವರ್ಷವೇ ಅದು ಶೇ. 5ಕ್ಕೆ ಇಳಿಯಿತು. ಇಳಿಸಿರೆಂದು ಕೇಳಿದವರು ಪತ್ರಿಕೆಗಳ ಮಾಲೀಕರು. ಎಂಪಿಎಂ ಉಳಿಸಿ ಎಂಬ ಸಂಪಾದಕೀಯಗಳು ಅಚ್ಚಾಗಿದ್ದು ಯಾವ ದೇಶದ ಕಾಗದದಲ್ಲೋ.

ಆಮದಿನ ಪ್ರಶ್ನೆಗೆ ಉತ್ತರ ಬರುವುದೇ ಇಲ್ಲವೆಂದೇನಿಲ್ಲ. ಶಿವಮೊಗ್ಗದ ಎಪಿಎಂಸಿಗೆ ಹೋಗಿ ನೋಡಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಧಾರಣೆ ಕೂಗುವಲ್ಲಿ ವಿದೇಶಿ ವ್ಯಾಪಾರದ ಅಧಿಸೂಚನೆಗಳನ್ನು ಬಾಯಿಪಾಠ ಹೇಳುವವರಿದ್ದಾರೆ. ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು. ಅದಕ್ಕೆ ಮೊದಲು, 2022ರಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಷರತ್ತಿನಿಂದ ವಿನಾಯಿತಿ ಕೊಟ್ಟಾಗ ಮಲೆನಾಡು ಸಿಟ್ಟಾಗಿತ್ತು. ಬೆಳೆಗಾರನ ಹಿಂದೆ 1939ರ ಮ್ಯಾಮ್ಕೋಸ್‌ನಂಥ ಸಹಕಾರ ಸಂಘಗಳಿವೆ, ತಾಲ್ಲೂಕು ತಾಲ್ಲೂಕಿನಲ್ಲಿ ವೋಟುಗಳಿವೆ. ಭದ್ರಾವತಿಯ ಕಾರ್ಮಿಕನದು ಒಂದೇ ಕ್ಷೇತ್ರ, ಅಲ್ಲೂ ಈಗ ಮಕ್ಕಳೆಲ್ಲ ಬೆಂಗಳೂರಿನಲ್ಲಿ.

ಉಳಿದವರು ಮುದುಕರು, ಅವರ ಪ್ರಶ್ನೆ ಪಿಂಚಣಿಯದು. ಪಿ.ಎಫ್. ಜೊತೆಗಿನ ನೌಕರರ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್ 16ರಿಂದ. ಮಾಲೀಕರ ಪಾಲಿನಿಂದ ಸಂಬಳದ ಶೇ. 8.33, ಕೇಂದ್ರದಿಂದ ಶೇ. 1.16. ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕೈಗೆ ಎಷ್ಟೇ ಬರುತ್ತಿರಲಿ, 2001ರಿಂದ 2014ರವರೆಗೆ ಹೆಚ್ಚಿನವರಿಗೆ ಲೆಕ್ಕಕ್ಕೆ ಸಿಕ್ಕ ಸಂಬಳ 6,500ರ ಮಿತಿಯೊಳಗಿನದು. ಯೋಜನೆ ಬಂದಾಗಿನಿಂದ ಹದಿನೆಂಟು ವರ್ಷ ದುಡಿದು ನಿವೃತ್ತನಾದವನಿಗೆ 1,671 ರೂಪಾಯಿ. ಹಳೆಯ ಸೇವೆಗೆಂದು ಇನ್ನಷ್ಟು ಚಿಲ್ಲರೆ ಸೇರಬಹುದು. ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರಿನಲ್ಲಿ 1,000ಕ್ಕೆ ನಿಗದಿಯಾಗಿದ್ದು. ಅದನ್ನು 7,500 ಮಾಡಿ, ತುಟ್ಟಿಭತ್ಯೆ ಕೊಡಿ ಎಂದು ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ, ಬೇರೆ ಬೇರೆ ಪಕ್ಷದ ಸಂಸದರೂ ಕೇಳಿದ್ದಾರೆ. ಸಚಿವಾಲಯದ ಉತ್ತರದಲ್ಲಿ ವ್ಯತ್ಯಾಸವಿಲ್ಲ: 2019ರ ಮಾರ್ಚ್ 31ರ ಮೌಲ್ಯಮಾಪನದಂತೆ ನಿಧಿಯಲ್ಲಿ ಕೊರತೆಯಿದೆ, ಕನಿಷ್ಠ ಸಾವಿರವನ್ನೂ ಬಜೆಟ್ ನೆರವಿನಿಂದ ತುಂಬಿಕೊಡುತ್ತಿದ್ದೇವೆ. 2024ರಿಂದ ಕಾರ್ಮಿಕ ಖಾತೆಯ ರಾಜ್ಯ ಸಚಿವರಾಗಿ ಇಂಥ ಉತ್ತರಗಳಿಗೆ ಸಹಿ ಹಾಕುವವರು ಶೋಭಾ ಕರಂದ್ಲಾಜೆ, ಹಿಂದೆ ಪಕ್ಕದ ಉಡುಪಿ-ಚಿಕ್ಕಮಗಳೂರಿನ ಸಂಸದರು.

ಪಿಂಚಣಿ ಹೆಚ್ಚಿಸುವುದು ಅಸಾಧ್ಯವೇನಲ್ಲ. 2025ರ ಮಾರ್ಚ್ 21ರಂದು, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ನಮ್ಮ ವಿಧಾನಸಭೆ ಒಪ್ಪಿದ ಮಸೂದೆಯಲ್ಲಿ ಮಾಜಿ ಶಾಸಕರ ಮಾಸಿಕ ಪಿಂಚಣಿ 50,000ದಿಂದ 75,000ಕ್ಕೆ ಏರಿತು. ಆ ದಿನ ಯಾರೂ ಮೌಲ್ಯಮಾಪನದ ವರದಿ ಕೇಳಲಿಲ್ಲ.

ಸಾವಿರ ಚಿಲ್ಲರೆ ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿರುವುದಕ್ಕೆ ಪುರಾವೆ ಕೊಡಬೇಕು. ಇಕ್ಕಳ ಹಿಡಿದು, ಕುಲುಮೆಯ ಮುಂದೆ ಬೆಂದ ಕೈಗಳ ಬೆರಳಚ್ಚು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. 2022ರಿಂದ ಮುಖ ತೋರಿಸಿದರೂ ಆಗುತ್ತದೆ. ಭದ್ರಾವತಿಯ ನ್ಯೂ ಟೌನಿನ ಜಗಲಿಯ ಮೇಲೆ ಮೊಮ್ಮಗ ಮೊಬೈಲು ಎತ್ತಿ ಹಿಡಿಯುತ್ತಾನೆ, ಅಜ್ಜ ಕನ್ನಡಕ ತೆಗೆದು ನೆಟ್ಟಗೆ ಕೂರುತ್ತಾರೆ. ‘ಅಲ್ಲಾಡಬೇಡಿ ಅಜ್ಜ, ಈಗ ಒಂದು ಸಲ ಕಣ್ಣು ಮಿಟುಕಿಸಿ.’