ಕ್ಲಾಸ್ ಬಿಟ್ಟು ಎದ್ದು ಹೋದವರು

ಪಾಠ ಬೋರ್ ಅಂತ ಕ್ಲಾಸಿಗೆ ಚಕ್ಕರ್ ಹೊಡೆಯೋದು ನಮಗೆಲ್ಲ ಗೊತ್ತು. ಆದರೆ ಪಾಠವೇ ಒಂದು ಕಡೆ ವಾಲಿದೆ ಅಂತ ಮೇಷ್ಟ್ರಿಗೆ ಬಹಿರಂಗ ಪತ್ರ ಬರೆದು, ಕ್ಲಾಸ್ ನಡೀತಿರುವಾಗಲೇ ಎದ್ದು ಹೋದವರನ್ನು ನೋಡಿದ್ದೀರಾ? 2011ರ ನವೆಂಬರ್ 2ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಸುಮಾರು 70 ವಿದ್ಯಾರ್ಥಿಗಳು ಹಾಗೇ ಮಾಡಿದರು.

ಆ ಕ್ಲಾಸಿನ ಹೆಸರು 'ಎಕ್ ಟೆನ್'. ಅರ್ಥಶಾಸ್ತ್ರದ ಮೊದಲ ಮೆಟ್ಟಿಲು, ನೂರಾರು ಜನ ಒಟ್ಟಿಗೆ ಕೂರುವ ಕೋರ್ಸು. ಮೇಷ್ಟ್ರು ಗ್ರೆಗರಿ ಮ್ಯಾಂಕ್ಯೂ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಮುಖ್ಯಸ್ಥರಾಗಿದ್ದವರು. 2008ರ ಕುಸಿತದ ಗಾಯ ಇನ್ನೂ ಹಸಿಯಾಗಿತ್ತು, ವಾಲ್ ಸ್ಟ್ರೀಟ್ ವಿರುದ್ಧ ಜನ ಬೀದಿಗಿಳಿದಿದ್ದರು. ನಮಗೆ ಹೇಳಿಕೊಡ್ತಿರೋದು ಒಂದೇ ದೃಷ್ಟಿಯ ಅರ್ಥಶಾಸ್ತ್ರ, ಅದು ಅಸಮಾನತೆಗೆ ಕುಮ್ಮಕ್ಕು ಕೊಡುತ್ತೆ ಅನ್ನೋದು ಹುಡುಗರ ದೂರು. ತಮಾಷೆ ನೋಡಿ, ಅವತ್ತಿನ ಪಾಠ ಇದ್ದದ್ದೇ ಬಡವ-ಶ್ರೀಮಂತರ ನಡುವಿನ ಕಂದಕದ ಬಗ್ಗೆ! ಕೂತು ಕೇಳಿ, ಆಮೇಲೆ ಜಗಳ ಆಡಬಹುದಿತ್ತು. ಇದೇ ಕೋರ್ಸ್ ಮುಗಿಸಿದ್ದ ಕೆಲವರು ಮೇಷ್ಟ್ರ ಪರವಾಗಿ ಅವತ್ತು ಬಂದು ಕೂತರು ಕೂಡ.

ಹಾಗಂತ ಹುಡುಗರ ಪ್ರಶ್ನೆ ತಳ್ಳಿಹಾಕೋ ಹಾಗಿಲ್ಲ. ಕನಿಷ್ಠ ಕೂಲಿಯನ್ನೇ ತಗೊಳ್ಳಿ. ಬೇಡಿಕೆ ಒಂದು ಗೆರೆ, ಪೂರೈಕೆ ಇನ್ನೊಂದು ಗೆರೆ. ಎರಡೂ ಕೂಡುವ ಜಾಗಕ್ಕಿಂತ ಮೇಲೆ ಸರ್ಕಾರ ಕೂಲಿ ನಿಗದಿ ಮಾಡಿದರೆ ಮಾಲೀಕ ಕಡಿಮೆ ಜನರನ್ನು ಇಟ್ಕೊಳ್ತಾನೆ, ನಿರುದ್ಯೋಗ ಹುಟ್ಟುತ್ತೆ. ಮೊದಲ ವರ್ಷದ ನಕ್ಷೆ ಹೇಳೋದು ಇಷ್ಟು. ಆದರೆ 1992ರಲ್ಲಿ ನ್ಯೂಜೆರ್ಸಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸ್ತು. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅಲ್ಲಿನ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳ ಲೆಕ್ಕ ತೆಗೆದರು. ಕೆಲಸ ಕಡಿಮೆಯಾದ ಸುಳಿವೇ ಸಿಗಲಿಲ್ಲ. ವಾದ ಇನ್ನೂ ಮುಗಿದಿಲ್ಲ, ನಿಜ. ಆದರೆ 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು.

ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತ ಇಲ್ಲ ಅಂತ ಮ್ಯಾಂಕ್ಯೂ ಪುಸ್ತಕವೂ ಒಪ್ಪುತ್ತೆ. ಆದರೆ ತಲೆಯಲ್ಲಿ ಉಳಿಯೋದು ನಕ್ಷೆ ಕಣ್ರೀ! ಮುಂದೆ ಓದುವವನಿಗೆ 'ಆದರೆ', 'ಹೋಗಲಿ' ಎಲ್ಲ ಎರಡನೇ, ಮೂರನೇ ವರ್ಷ ಸಿಗುತ್ತೆ. ಒಂದೇ ಕೋರ್ಸ್ ಮುಗಿಸಿ ವಕೀಲನೋ, ಪತ್ರಕರ್ತನೋ, ಶಾಸಕನೋ ಆಗುವವನ ಗತಿ? ಕೂಲಿ ಏರಿಸಿ ಅಂತ ಕಾರ್ಮಿಕರು ಬಾಗಿಲಿಗೆ ಬಂದಾಗ ಅವನ ಕಣ್ಣೆದುರು ಬರೋದು ಆ ಎರಡು ಗೆರೆ ಮಾತ್ರ. ನಾವು ಆ್ಯಂಕರ್‌ಗಳೂ ಇದಕ್ಕೆ ಹೊರತಲ್ಲ ಬಿಡಿ.

2019ರಲ್ಲಿ ಮ್ಯಾಂಕ್ಯೂ ಈ ಕೋರ್ಸ್ ಬಿಟ್ಟರು. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ರಾಜ್ ಚೆಟ್ಟಿ ಹಾರ್ವರ್ಡ್‌ನಲ್ಲಿ ಇನ್ನೊಂದು ಪಾಠ ಶುರುಮಾಡಿದರು. ಅಲ್ಲಿ ಗೆರೆಗಿಂತ ಮೊದಲು ಅಂಕಿ-ಅಂಶ. ಬಡವರ ಮನೆಯ ಮಗು ಯಾವ ಊರಲ್ಲಿ ಬೆಳೆದರೆ ಮೇಲೆ ಬರುತ್ತೆ, ಯಾವ ಊರಲ್ಲಿ ಬರಲ್ಲ ಅನ್ನೋದರಿಂದಲೇ ಪಾಠ ಆರಂಭ.