ಮಜ್ಜಿಗೆಯಂಥ ದ್ರಾವಣ, ಉಕ್ಕನ್ನು ಮೀರಿಸುವ ನೂಲು

ಅಂಬಲಿಗೆ ಹಿಟ್ಟು ಹೆಚ್ಚಾದರೆ ಗಟ್ಟಿಯಾಗುತ್ತದೆ. ಇನ್ನಷ್ಟು ಹಾಕಿದಾಗ ಅದು ಇದ್ದಕ್ಕಿದ್ದಂತೆ ನೀರಾಗಿಬಿಟ್ಟರೆ? ಕೆಲವು ಪಾಲಿಮರ್ ದ್ರಾವಣಗಳು ಹೀಗೇ ನಡೆದುಕೊಳ್ಳುತ್ತವೆ.

1965ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್, ಟೈರಿಗೆ ಬೇಕಾದ ಹಗುರ, ಗಟ್ಟಿ ನೂಲನ್ನು ಹುಡುಕುತ್ತಿದ್ದರು. ಪಾಲಿಮರ್ ದ್ರಾವಣ ಸಾಮಾನ್ಯವಾಗಿ ಜೇನಿನಂತೆ ಮಂದ, ನೋಡಲು ತಿಳಿ. ಅವರು ತಯಾರಿಸಿದ್ದು ಮಜ್ಜಿಗೆಯಂತೆ ತೆಳ್ಳಗೆ, ಮಬ್ಬಾಗಿತ್ತು. ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಂಡಾವೆಂದು ನೂಲು ತೆಗೆಯುವವರು ಮೊದಲು ಒಪ್ಪಲೇ ಇಲ್ಲ. ಕ್ವೋಲೆಕ್ ಸೋಸಿ ನೋಡಿದರು, ಮಬ್ಬು ಹೋಗಲಿಲ್ಲ. ಕೊನೆಗೂ ನೂಲು ತೆಗೆದಾಗ ಅದರ ಬಿಗುವು ಎಲ್ಲರನ್ನೂ ಬೆರಗಾಗಿಸಿತು. ಅದೇ ಜಾಡಿನಲ್ಲಿ ಬಂದದ್ದು ಕೆವ್ಲಾರ್: ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿನ ಐದು ಪಟ್ಟು ಬಲ.

ಗುಟ್ಟು ಅಣುಗಳ ಆಕಾರದಲ್ಲಿದೆ. ನೈಲಾನಿನ ಅಣುಸರಪಳಿ ದಾರದಂತೆ ಬಳುಕಿ ಸಿಕ್ಕಾಗುತ್ತದೆ. ಕೆವ್ಲಾರಿನದ್ದು ಪೊರಕೆಕಡ್ಡಿಯಂತೆ ನೆಟ್ಟಗೆ. ದ್ರಾವಣದಲ್ಲಿ ಕಡ್ಡಿಗಳು ಹೆಚ್ಚಿದಂತೆ ಒಂದಕ್ಕೊಂದು ಅಡ್ಡ ಬಂದು ಹರಿವು ತಿಣುಕುತ್ತದೆ. ಒಂದು ಮಿತಿ ದಾಟಿತೋ, ಅಡ್ಡಾದಿಡ್ಡಿ ಇರಲು ಜಾಗವೇ ಸಾಲದು. ಕಡ್ಡಿಗಳು ತಾವಾಗಿ ಒಂದೇ ದಿಕ್ಕಿಗೆ ಒರಗುತ್ತವೆ. ಇದಕ್ಕೆ ಪರಸ್ಪರ ಸೆಳೆತವೂ ಬೇಡ, ಇಕ್ಕಟ್ಟೇ ಸಾಕು ಎಂದು ವಿಜ್ಞಾನಿ ಲಾರ್ಸ್ ಆನ್ಸಾಗರ್ 1949ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಸಾಲಾಗಿ ನಿಂತಾಗ ಪ್ರತಿ ಕಡ್ಡಿಗೂ ಅಲುಗಾಡಲು ಹೆಚ್ಚು ಎಡೆ ಸಿಗುತ್ತದೆ.

ಹರಿಯುವುದರಲ್ಲಿ ದ್ರವ, ಸಾಲುಗಟ್ಟುವುದರಲ್ಲಿ ಸ್ಫಟಿಕ; ಹಾಗಾಗಿ ಈ ಸ್ಥಿತಿಗೆ ದ್ರವಸ್ಫಟಿಕ ಎಂದು ಹೆಸರು. ಸಾಲುಗಳು ಪಕ್ಕಪಕ್ಕದಲ್ಲೇ ಸಲೀಸಾಗಿ ಜಾರುವುದರಿಂದ ಸ್ನಿಗ್ಧತೆ ಥಟ್ಟನೆ ಇಳಿಯುತ್ತದೆ. ಆದರೆ ಒಂದೊಂದು ಗುಂಪು ಒಂದೊಂದು ದಿಕ್ಕಿಗೆ ಮುಖಮಾಡಿರುತ್ತದೆ. ಅವುಗಳ ನಡುವೆ ಬೆಳಕು ಚದುರಿದ್ದರಿಂದಲೇ ಆ ಮಜ್ಜಿಗೆಬಣ್ಣ.

ಕೆವ್ಲಾರ್ ಕಾರ್ಖಾನೆಯಲ್ಲಿ ಪಾಲಿಮರನ್ನು ಪ್ರಬಲ ಗಂಧಕಾಮ್ಲದಲ್ಲಿ ಸುಮಾರು ಶೇ 20ರಷ್ಟು ಕರಗಿಸಿ, ಬಿಸಿಯಾಗಿರುವಾಗಲೇ ಶಾವಿಗೆಯಂತೆ ಒತ್ತುತ್ತಾರೆ. ಎಳೆಗಳು ಕೊಂಚ ಗಾಳಿಯಲ್ಲಿ ಹಾದು ತಣ್ಣೀರಿಗಿಳಿಯುತ್ತವೆ. ರಂಧ್ರದ ಒತ್ತಡ, ಗಾಳಿಯಲ್ಲಿನ ಎಳೆತ ಸೇರಿ ಎಲ್ಲ ಗುಂಪುಗಳನ್ನೂ ನೂಲಿನ ಉದ್ದಕ್ಕೆ ತಿರುಗಿಸುತ್ತವೆ. ನೀರು ಆ ಸಾಲನ್ನು ಹಾಗೆಯೇ ಹಿಡಿದಿಡುತ್ತದೆ.

ರೇಷ್ಮೆಹುಳುವಿನ ಗ್ರಂಥಿಯಲ್ಲಿರುವ ಪ್ರೋಟೀನಿನಲ್ಲೂ ವಿಜ್ಞಾನಿಗಳು ದ್ರವಸ್ಫಟಿಕದ ಗುಣ ಕಂಡಿದ್ದಾರೆ. ಹುಳು ತಲೆಯಾಡಿಸುತ್ತ ಆ ದ್ರವವನ್ನು ಎಳೆದಾಗ ನೂಲಾಗುತ್ತದೆ. ಆಮ್ಲವಿಲ್ಲ, ಕಾಯಿಸುವುದಿಲ್ಲ; ಹಿಪ್ಪುನೇರಳೆ ಸೊಪ್ಪು, ಒಂದಿಷ್ಟು ನೀರು. ರಾಮನಗರದ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಒಂದೊಂದು ಗೂಡೂ ಹಾಗೆ ಹರಿದು ಗಟ್ಟಿಯಾದ ಒಂದೇ ಎಳೆ.