ಸಾಮಾನಿನ ಟ್ರೇಲರ್‌ನಲ್ಲಿ ಮನೆ ಕಟ್ಟುವ ವಿಡಿಯೊ ನಿಮಗೂ ಬಂದಿದೆಯೇ? ಅದರಲ್ಲಿ ತೋರಿಸದ ಸಂಗತಿಗಳು ಇಲ್ಲಿವೆ

ಎರಡು ನಿಮಿಷದ ವಿಡಿಯೊ. ಬಿಳಿ ಬಣ್ಣದ ಖಾಲಿ ತಗಡಿನ ಪೆಟ್ಟಿಗೆಯಂಥ ಟ್ರೇಲರ್. ಒಬ್ಬರು ಅದರ ಗೋಡೆಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸುತ್ತಾರೆ, ಮೇಲೆ ಪ್ಲೈವುಡ್ ಹೊಡೆಯುತ್ತಾರೆ, ಹಾಸಿಗೆ, ಚಿಕ್ಕ ಒಲೆ, ಮಿಣುಕು ದೀಪಗಳ ಸರ ಬರುತ್ತವೆ. ಕೊನೆಯಲ್ಲಿ ಹೊರಗೆ ಹಿಮ, ಒಳಗೆ ಬಿಸಿ ಕಾಫಿ. ‘ಬಾಡಿಗೆ ಇಲ್ಲ, ಇಎಂಐ ಇಲ್ಲ’ ಎಂಬ ಸಾಲಿನೊಂದಿಗೆ ಇಂಥ ವಿಡಿಯೊಗಳು ನಮ್ಮ ಗುಂಪುಗಳಿಗೂ ಬರುತ್ತಲೇ ಇರುತ್ತವೆ.

ವಿಡಿಯೊ ಸುಳ್ಳಲ್ಲ. ಅಮೆರಿಕದಲ್ಲಿ ಸಾವಿರಾರು ಜನ ನಿಜಕ್ಕೂ ಹೀಗೆ ಮಾಡಿಕೊಂಡಿದ್ದಾರೆ. ಅಲ್ಲಿ ಸಾಮಾನು ಸಾಗಿಸುವ ಮುಚ್ಚಿದ ಟ್ರೇಲರ್‌ಗಳು ಸುಲಭವಾಗಿ ಸಿಗುತ್ತವೆ. 6 ಅಡಿ ಅಗಲ, 12 ಅಡಿ ಉದ್ದದ ಅಳತೆ ಬಹಳ ಜನಪ್ರಿಯ. ಕಾರ್ಖಾನೆಯಲ್ಲಿ ತಯಾರಾದ ಕ್ಯಾಂಪರ್‌ಗೆ ಹೋಲಿಸಿದರೆ ಬೆಲೆಯೂ ಕಡಿಮೆ. ಆದರೆ ಸಾಮಾನಿಗಾಗಿ ಮಾಡಿದ ಪೆಟ್ಟಿಗೆಯಲ್ಲಿ ಮನುಷ್ಯರು ಮಲಗಿದಾಗ ಏನೇನು ಬದಲಾಗುತ್ತದೆ ಎಂಬುದು ಎರಡು ನಿಮಿಷದಲ್ಲಿ ಹಿಡಿಯುವುದಿಲ್ಲ. ಸಾಮಾನು ಉಸಿರಾಡುವುದಿಲ್ಲ, ಬೆವರುವುದಿಲ್ಲ, ಬೆಂಕಿ ಬಿದ್ದರೆ ಬಾಗಿಲು ಹುಡುಕುವುದೂ ಇಲ್ಲ.

ಬೆಳ್ಳಿ ಹಾಳೆ ಅಂಟಿಸಿದರೆ ಚಳಿ ನಿಲ್ಲುತ್ತದೆಯೇ?

ಹೆಚ್ಚಿನ ವಿಡಿಯೊಗಳ ಮೊದಲ ತಪ್ಪು ಇಲ್ಲೇ. ಬೆಳ್ಳಿ ಹಾಳೆ ಕೆಲಸ ಮಾಡುವುದು ಶಾಖದ ಕಿರಣವನ್ನು ಪ್ರತಿಫಲಿಸುವ ಮೂಲಕ. ಹಾಗೆ ಪ್ರತಿಫಲಿಸಲು ಅದರ ಮುಂದೆ ಖಾಲಿ ಗಾಳಿಯ ಜಾಗ ಇರಬೇಕು. ತಗಡಿಗೂ ಪ್ಲೈವುಡ್‌ಗೂ ನಡುವೆ ಒತ್ತಿ ಕೂರಿಸಿದರೆ ಶಾಖ ಮುಟ್ಟಿದ ವಸ್ತುವಿನಿಂದ ವಸ್ತುವಿಗೆ ನೇರವಾಗಿ ದಾಟಿಬಿಡುತ್ತದೆ. ಬಿಸಿ ಅನ್ನದ ಪಾತ್ರೆಗೆ ಫಾಯಿಲ್ ಸುತ್ತಿ ಮುಟ್ಟಿ ನೋಡಿ, ಕೈ ಸುಡುತ್ತದೆ. ನಿಜವಾದ ತಡೆ ಕೊಡುವುದು ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಲ್ಲಿ ಹಿಡಿದಿಟ್ಟ ದಪ್ಪ ಫೋಮ್ ಹಲಗೆ. ನಮಗೆ ಗೊತ್ತಿರುವ ಥರ್ಮಾಕೋಲ್ ಅದರ ಹತ್ತಿರದ ಸಂಬಂಧಿ. ಈ ಫೋಮ್ ಬೆಂಕಿಗೆ ಸಿಕ್ಕರೆ ವಿಷಕಾರಿ ಹೊಗೆ ಬಿಡುತ್ತದೆ, ಹಾಗಾಗಿ ಅದನ್ನು ಪ್ಲೈವುಡ್‌ನಿಂದ ಮುಚ್ಚಲೇಬೇಕು. ಗೋಡೆಯ ಕಬ್ಬಿಣದ ಪಟ್ಟಿಗಳನ್ನು ಹಾಗೇ ಬಿಟ್ಟರೆ ಅವುಗಳ ಮೂಲಕ ಚಳಿ ಒಳಗೆ ಬರುತ್ತಲೇ ಇರುತ್ತದೆ.

ಆದರೆ ಚಳಿಗಿಂತ ಮೊದಲು ಕಾಡುವುದು ನೀರು. ಲೆಕ್ಕ ಹಾಕಿ ನೋಡೋಣ. 6 ಅಡಿ ಅಗಲ, 12 ಅಡಿ ಉದ್ದ, 6 ಅಡಿ ಎತ್ತರದ ಟ್ರೇಲರ್‌ನೊಳಗೆ ಸುಮಾರು 12 ಘನ ಮೀಟರ್ ಗಾಳಿ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದಿಡಬಲ್ಲದು. ಅಂದರೆ ಇಡೀ ಟ್ರೇಲರ್‌ನ ಗಾಳಿಗೆ ದೊಡ್ಡ ಲೋಟ ನೀರಿನಷ್ಟು, ಸುಮಾರು 200 ಗ್ರಾಂ, ಜಾಗವಿದೆ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಮತ್ತು ಚರ್ಮದಿಂದ ಹೊರಬರುವ ನೀರು ಸುಮಾರು ಅರ್ಧ ಲೀಟರ್. ಉಳಿದದ್ದು ಎಲ್ಲಿಗೆ ಹೋಗಬೇಕು? ತಣ್ಣಗಿನ ತಗಡಿನ ಮೇಲೆ ಹನಿಯಾಗಿ ಕೂರುತ್ತದೆ, ಹಾಸಿಗೆಯ ಅಡಿಗೆ ಇಳಿಯುತ್ತದೆ, ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೆ ಗ್ಯಾಸ್ ಉರಿಸಿದರೆ ಇನ್ನೂ ಕಷ್ಟ. ಒಂದು ಕೆ.ಜಿ. ಎಲ್‌ಪಿಜಿ ಉರಿದಾಗ ಸುಮಾರು ಒಂದೂವರೆ ಕೆ.ಜಿ. ನೀರಾವಿ ಹುಟ್ಟುತ್ತದೆ. ಅದು ರಸಾಯನಶಾಸ್ತ್ರದ ಸರಳ ಲೆಕ್ಕ: ಅನಿಲದಲ್ಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ.

ಇದಕ್ಕೆ ಪರಿಹಾರ ಚಾವಣಿಯ ಫ್ಯಾನ್ ಮತ್ತು ಕೆಳಭಾಗದಲ್ಲಿ ಗಾಳಿ ಒಳಬರಲು ಒಂದು ಕಿಂಡಿ. ಎರಡೂ ಬೇಕು. ಬರೀ ಫ್ಯಾನ್ ಇಟ್ಟು ಉಳಿದದ್ದನ್ನೆಲ್ಲ ಬಿಗಿಯಾಗಿ ಮುಚ್ಚಿದರೆ ಅದು ತಿರುಗುತ್ತದೆ, ಗಾಳಿ ಚಲಿಸುವುದಿಲ್ಲ.

‘ಮುಚ್ಚಿ ಮಲಗಿದರೆ ಆಮ್ಲಜನಕ ಮುಗಿದು ಸಾಯುತ್ತಾರೆ’: ಇದು ಎಷ್ಟು ನಿಜ?

ಕಾರಿನಲ್ಲಿ, ಟ್ರೇಲರ್‌ನಲ್ಲಿ ಮಲಗಿದವರು ಸತ್ತ ಸುದ್ದಿ ಬಂದಾಗಲೆಲ್ಲ ಈ ವಿವರಣೆ ಜೊತೆಗೇ ಬರುತ್ತದೆ. ಇದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಮಲಗಿರುವ ಇಬ್ಬರು ಗಂಟೆಗೆ ಸುಮಾರು 20ರಿಂದ 25 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 12,000 ಲೀಟರ್ ಗಾಳಿಯಲ್ಲಿ ಅದು ಗಂಟೆಗೆ ಶೇ. 0.2ರಷ್ಟು ಏರಿಕೆ. ಎಳ್ಳಷ್ಟೂ ಸಂದು ಇಲ್ಲ ಎಂದುಕೊಂಡರೂ, ಎಂಟು ಗಂಟೆಯಲ್ಲಿ ಅದು ಶೇ. 1.6ರ ಆಸುಪಾಸು, ಆಮ್ಲಜನಕ 21ರಿಂದ 19ಕ್ಕೆ ಇಳಿದಿರುತ್ತದೆ. ತಲೆಭಾರ, ತಲೆನೋವು, ಕೆಟ್ಟ ನಿದ್ದೆ ಖಂಡಿತ. ಆರೋಗ್ಯವಂತ ವಯಸ್ಕರು ಇದರಿಂದಲೇ ಬೆಳಗಾಗುವುದರೊಳಗೆ ಸಾಯುವುದಿಲ್ಲ.

ಕೊಲ್ಲುವುದು ಬೇರೆ ಅನಿಲ, ಕಾರ್ಬನ್ ಮೊನಾಕ್ಸೈಡ್. ಇದ್ದಿಲು, ಪೆಟ್ರೋಲ್, ಡೀಸೆಲ್, ಗ್ಯಾಸ್, ಸೌದೆ, ಯಾವುದು ಅರೆಬರೆ ಉರಿದರೂ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಗ್ಯಾಸ್‌ಗೆ ಸೋರಿಕೆ ಗೊತ್ತಾಗಲೆಂದೇ ಕೆಟ್ಟ ವಾಸನೆಯ ವಸ್ತು ಸೇರಿಸಿರುತ್ತಾರೆ, ಇದಕ್ಕೆ ಯಾರೂ ಸೇರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದರೆ ಶುದ್ಧ ಗಾಳಿಗೆ ಬಂದ ಮೇಲೂ ಅದರ ಅರ್ಧ ಪಾಲು ಬಿಟ್ಟುಹೋಗಲು ನಾಲ್ಕೈದು ಗಂಟೆ ಬೇಕು. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ಸುಸ್ತು ಕಾಣುತ್ತದೆ. ‘ಹೊರಗಿನ ಊಟ ಹಿಡಿಸಲಿಲ್ಲ’ ಎಂದುಕೊಂಡು ಅವರು ಹೋಗಿ ಮಲಗುತ್ತಾರೆ. ಮಲಗಿದವರಿಗೆ ಏನೂ ಕಾಣುವುದಿಲ್ಲ.

ಇದು ದೂರದ ದೇಶದ ಕಥೆಯಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರ ಶವ ಸಿಕ್ಕಿತು. ಎಸಿ ನಡೆಸಲು ಹಾಕಿದ್ದ ಜನರೇಟರ್‌ನಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿತ್ತೆಂದು ತಜ್ಞರ ಪರಿಶೀಲನೆಯಲ್ಲಿ ಕಂಡುಬಂತು. ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸತ್ತವರ ಸುದ್ದಿ ಕರ್ನಾಟಕದಲ್ಲೂ ಆಗಾಗ ಬರುತ್ತದೆ. ಅಲ್ಲೂ ಕೊಲ್ಲುವುದು ಹೆಚ್ಚಾಗಿ ಇದೇ ಅನಿಲ.

ಈ ವಿಷಯದಲ್ಲಿ ಓಡಾಡುವ ಕೆಲವು ಸಲಹೆಗಳಂತೂ ನೇರವಾಗಿ ಅಪಾಯಕಾರಿ. ‘ಕೆಂಡದಲ್ಲಿ ಹೊಗೆ ಇಲ್ಲದಿದ್ದರೆ ಒಳಗಿಡಬಹುದು’ ಎನ್ನುತ್ತಾರೆ. ವಾಸ್ತವದಲ್ಲಿ ಜ್ವಾಲೆಯಿಲ್ಲದೆ ನಿಗಿನಿಗಿ ಹೊಳೆಯುವ ಕೆಂಡವೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬಿಡುತ್ತದೆ. ಕಣ್ಣು ಉರಿಯದ ಕಾರಣಕ್ಕೆ ನಾವು ಧೈರ್ಯವಾಗಿ ಕೂರುತ್ತೇವೆ, ಅಷ್ಟೇ. ‘ಕಿಟಕಿ ಒಂದಿಂಚು ತೆರೆದಿಟ್ಟರೆ ಸಾಕು’ ಎನ್ನುವುದೂ ನಂಬುವಂಥದ್ದಲ್ಲ. ಗಾಳಿ ಎತ್ತ ಬೀಸುತ್ತದೆ ಎಂಬುದರ ಮೇಲೆ ಅದೇ ಕಿಟಕಿ ಹೊರಗಿನ ಜನರೇಟರ್ ಹೊಗೆಯನ್ನು ಒಳಗೆ ಎಳೆಯಲೂಬಹುದು. ಜನರೇಟರ್ ಅನ್ನು ಕನಿಷ್ಠ 20 ಅಡಿ ದೂರ ಇಡಬೇಕು, ಅದರ ಹೊಗೆ ಕೊಳವೆ ಆಚೆ ಕಡೆ ಮುಖ ಮಾಡಿರಬೇಕು ಎನ್ನುವುದು ಅಮೆರಿಕದ ಆರೋಗ್ಯ ಸಂಸ್ಥೆಗಳ ಸೂಚನೆ. ‘ಮಣ್ಣಿನ ಕುಂಡದಡಿ ಮೇಣದಬತ್ತಿ ಹಚ್ಚಿ, ರೂಮ್ ಹೀಟರ್ ರೆಡಿ’ ಎಂಬುದು ಇನ್ನೊಂದು. ಒಂದು ಮೇಣದಬತ್ತಿಯ ಶಾಖ ಸುಮಾರು 80 ವ್ಯಾಟ್. ಮೇಲೆ ಕುಂಡ ಇಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಮಲಗಿದ ಮನುಷ್ಯನ ಮೈಯೇ ಹೆಚ್ಚುಕಡಿಮೆ ಅಷ್ಟು ಶಾಖ ಕೊಡುತ್ತದೆ, ಅದೂ ಹಾಸಿಗೆಗೆ ಬೆಂಕಿ ಹಚ್ಚದೆ.

ಇನ್ನೊಂದು ತಪ್ಪು ತಿಳಿವಳಿಕೆ ಕೋವಿಡ್ ಕಾಲದಿಂದ ಬಂದದ್ದು. ‘ಆಕ್ಸಿಮೀಟರ್ 98 ತೋರಿಸುತ್ತಿದೆ, ಹಾಗಾಗಿ ಏನೂ ಆಗಿಲ್ಲ’ ಎಂದುಕೊಳ್ಳಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ರಕ್ತದ ಬಣ್ಣವನ್ನು ಬೆಳಕಿನಲ್ಲಿ ಅಳೆಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಆಮ್ಲಜನಕ ಹಿಡಿದದ್ದರಂತೆಯೇ ಕೆಂಪಗೆ ಕಾಣುವುದರಿಂದ ಯಂತ್ರ ಮೋಸಹೋಗುತ್ತದೆ. ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ ಸಂಖ್ಯೆ ಚೆನ್ನಾಗಿಯೇ ಇರಬಹುದು. ಆಸ್ಪತ್ರೆಯಲ್ಲಿ ಬೇರೆ ರಕ್ತ ಪರೀಕ್ಷೆ ಬೇಕು. ಅನುಮಾನ ಬಂದರೆ ಮೊದಲು ಎಲ್ಲರನ್ನೂ ಹೊರಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಕರೆ ಮಾಡಿ, ಮತ್ತು ವೈದ್ಯರಿಗೆ ‘ಒಳಗೆ ಕೆಂಡ ಇತ್ತು’ ಅಥವಾ ‘ಜನರೇಟರ್ ಓಡುತ್ತಿತ್ತು’ ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ.

ಮಲಗುವ ಜಾಗದಲ್ಲಿ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಈ ಅನಿಲದ ತೂಕ ಗಾಳಿಯಷ್ಟೇ ಇರುವುದರಿಂದ ಅದು ಎಲ್ಲ ಕಡೆ ಬೆರೆಯುತ್ತದೆ, ಅಲಾರಂ ತಲೆದಿಂಬಿನ ಎತ್ತರದಲ್ಲಿದ್ದರೆ ಒಳ್ಳೆಯದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ, ಅದರ ಅಲಾರಂ ನೆಲದ ಹತ್ತಿರವಿರಬೇಕು. ಒಂದರ ಅಲಾರಂ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ಬಾಗಿಲು ಯಾವ ಕಡೆಯಿಂದ ತೆರೆಯುತ್ತದೆ?

ವಿಡಿಯೊ ನೋಡುವಾಗ ನಮಗೂ ಹೊಳೆಯದಿದ್ದ ಪ್ರಶ್ನೆ ಇದು. ಸಾಮಾನಿನ ಟ್ರೇಲರ್‌ನ ಬಾಗಿಲಿಗೆ ಅಗುಳಿ ಇರುವುದು ಸಾಮಾನ್ಯವಾಗಿ ಹೊರಗೆ. ಒಳಗಿರುವ ಅಕ್ಕಿ ಮೂಟೆಗೆ ಹೊರಬರುವ ಅಗತ್ಯವಿಲ್ಲವಲ್ಲ. ಮನುಷ್ಯರು ಒಳಗಿದ್ದಾಗ ಯಾರೋ ಕಿಡಿಗೇಡಿ, ಅಥವಾ ಒಳ್ಳೆಯ ಮನಸ್ಸಿನ ಕಾವಲುಗಾರರೇ, ‘ಬಾಗಿಲು ತೆರೆದಿದೆ’ ಎಂದು ಅಗುಳಿ ಹಾಕಿದರೆ ಅಲ್ಲಿಗೆ ಮುಗಿಯಿತು. ಒಳಗಿನಿಂದ ತೆರೆಯುವ ಚಿಲಕ ಹಾಕಿಸದೆ ಒಂದು ರಾತ್ರಿಯೂ ಮಲಗಬಾರದು. ಕ್ಯಾಂಪರ್‌ಗಳಿಗಾಗಿ ಅಮೆರಿಕದಲ್ಲಿರುವ ಎನ್‌ಎಫ್‌ಪಿಎ 1192 ಎಂಬ ಸುರಕ್ಷಾ ಮಾನದಂಡ ಪಾರಾಗಲು ಎರಡನೇ ದಾರಿಯನ್ನೂ ಕೇಳುತ್ತದೆ. ಒಲೆಯನ್ನು ಇರುವ ಒಂದೇ ಬಾಗಿಲ ಪಕ್ಕದಲ್ಲಿಟ್ಟು, ಹಾಸಿಗೆಯನ್ನು ಒಳಮೂಲೆಯಲ್ಲಿಟ್ಟ ವಿನ್ಯಾಸಗಳು ನೋಡಲು ಚೆಂದ. ಬೆಂಕಿ ಬಿದ್ದರೆ ಮಲಗಿದವರಿಗೂ ಬಾಗಿಲಿಗೂ ನಡುವೆ ಇರುವುದು ಅದೇ ಬೆಂಕಿ.

ತೂಕ ಎಲ್ಲಿ ಕೂತಿದೆ ಎಂಬುದೇ ಮುಖ್ಯ

ಒಂದೇ ಅಚ್ಚಿನ ಇಂಥ ಟ್ರೇಲರ್‌ಗಳ ಒಟ್ಟು ತೂಕದ ಮಿತಿ ಅಮೆರಿಕದಲ್ಲಿ ಹಲವು ಬಾರಿ 2,990 ಪೌಂಡ್, ಅಂದರೆ ಸುಮಾರು 1,356 ಕೆ.ಜಿ. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ಮುಟ್ಟಿದರೆ ಟ್ರೇಲರ್‌ಗೆ ಪ್ರತ್ಯೇಕ ಬ್ರೇಕ್ ಬೇಕು. ಖಾಲಿ ಪೆಟ್ಟಿಗೆಯೇ 500ರಿಂದ 650 ಕೆ.ಜಿ. ಇರುತ್ತದೆ. ಪ್ಲೈವುಡ್, ಬ್ಯಾಟರಿ, ಹಾಸಿಗೆ, ಪಾತ್ರೆ, 100 ಲೀಟರ್ ನೀರೆಂದರೆ 100 ಕೆ.ಜಿ., ಹೀಗೆ ಮಿತಿ ಬೇಗ ಹತ್ತಿರವಾಗುತ್ತದೆ.

ಒಟ್ಟು ತೂಕದಷ್ಟೇ ಮುಖ್ಯ ಅದರ ಹಂಚಿಕೆ. ಟ್ರೇಲರ್ 1,000 ಕೆ.ಜಿ. ಇದ್ದರೆ ಕಾರಿನ ಕೊಂಡಿಯ ಮೇಲೆ 100ರಿಂದ 150 ಕೆ.ಜಿ. ಭಾರ ಬೀಳಬೇಕೆಂಬುದು ಅಲ್ಲಿನ ರೂಢಿಯ ನಿಯಮ. ಭಾರವೆಲ್ಲ ಚಕ್ರದ ಹಿಂದೆ ಹೋದರೆ ಟ್ರೇಲರ್ ವೇಗದಲ್ಲಿ ನಾಯಿ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ, ಕೊನೆಗೆ ಕಾರನ್ನೂ ತನ್ನ ಜೊತೆ ಉರುಳಿಸುತ್ತದೆ. ಹಿಂಬದಿಯಲ್ಲಿ ಅಡುಗೆಮನೆ ಮತ್ತು ನೀರಿನ ಟ್ಯಾಂಕ್ ಇಟ್ಟ ವಿಡಿಯೊ ಕಂಡರೆ ನಮಗೆ ಮೊದಲು ನೆನಪಾಗುವುದು ಇದೇ. ತೂಗಾಡಲು ಶುರುವಾದರೆ ಕಾರಿನ ಬ್ರೇಕ್ ಜೋರಾಗಿ ಒತ್ತಬಾರದು, ವೇಗ ಹೆಚ್ಚಿಸಿ ‘ಸರಿ ಮಾಡುತ್ತೇನೆ’ ಎನ್ನಲೂಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ನೇರವಾಗಿ ಹಿಡಿದು ತಾನಾಗಿ ನಿಧಾನವಾಗಲು ಬಿಡಬೇಕು.

ವಿದ್ಯುತ್ ಬಗ್ಗೆ ಒಂದೇ ಮಾತು. 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1.2 ಯೂನಿಟ್ ವಿದ್ಯುತ್ ಇರುತ್ತದೆ. ಫ್ಯಾನು, ದೀಪ, ಫೋನಿಗೆ ಧಾರಾಳ. ಒಂದೂವರೆ ಕಿಲೋವ್ಯಾಟ್ ಎಳೆಯುವ ಎಸಿಗೆ ಒಂದು ಗಂಟೆಯೂ ಬರುವುದಿಲ್ಲ. ಆಗಲೇ ಜನ ಜನರೇಟರ್ ಕಡೆ ನೋಡುವುದು.

ನಾವು ಇಲ್ಲಿ ಮಾಡಿಕೊಳ್ಳಬಹುದೇ?

ಈ ವಿಡಿಯೊ ಕಳಿಸಿದವರೆಲ್ಲ ಕೊನೆಗೆ ಕೇಳುವುದು ಇದನ್ನೇ. ಭಾರತದಲ್ಲಿ ವಾಹನ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಟ್ರೇಲರ್‌ಗೂ ಇಲ್ಲಿ ನೋಂದಣಿ ಬೇಕು. ಹಾಗಾಗಿ ಬಡಗಿಯನ್ನು ಕರೆಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳುವುದು ಉತ್ತಮ. ಎಳೆಯುವ ಕಾರಿನ ಕೈಪಿಡಿಯನ್ನೂ ತೆರೆದು ನೋಡಿ. ಎಷ್ಟು ತೂಕ ಎಳೆಯಬಹುದು ಎಂದು ಅದರಲ್ಲಿ ಬರೆದಿಲ್ಲದಿದ್ದರೆ, ಆ ಕಾರು ಎಳೆಯುವುದಕ್ಕಲ್ಲ ಎಂದೇ ತಿಳಿಯಿರಿ.

ಅಮೆರಿಕದಲ್ಲಿರುವ ಮಗ, ಸೊಸೆ ಅಥವಾ ಗೆಳೆಯರು ಇಂಥದ್ದೊಂದನ್ನು ಮಾಡಿಕೊಂಡು ‘ನೋಡಿ, ನಮ್ಮ ಪುಟ್ಟ ಮನೆ’ ಎಂದು ಫೋಟೊ ಕಳಿಸಿದರೆ, ಹೃದಯದ ಇಮೋಜಿ ಹಾಕಿದ ಮೇಲೆ ಮೂರು ಪ್ರಶ್ನೆ ಕೇಳಿ: ಬಾಗಿಲು ಒಳಗಿನಿಂದ ತೆರೆಯುತ್ತದಾ? ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿದೆ? ಚಳಿಗೆ ಏನು ಉರಿಸುತ್ತೀರಿ?